ತೊಗಲಿನ ಮೇಲಣ ಶಾಸನ: ವೈಮಾನಿಕರ ಚರ್ಮದಂಗಿಯ ಚರಿತ್ರೆ

ಅರಸರ ಖಡ್ಗ, ಕಿರೀಟ, ಛತ್ರಚಾಮರಗಳು ವಸ್ತುಸಂಗ್ರಹಾಲಯಗಳಲ್ಲಿ ರಕ್ಷಿತವಾಗಿರುವುದು ಆಶ್ಚರ್ಯವಲ್ಲ. ಅವು ಹುಟ್ಟಿನಿಂದಲೇ ಬೆಲೆಯುಳ್ಳ ವಸ್ತುಗಳು. ಆದರೆ ಸರಕಾರವು ಒಂದೇ ಅಳತೆ ಒಂದೇ ಮಾದರಿಯಲ್ಲಿ ಸಾವಿರಗಟ್ಟಲೆಯಾಗಿ ಹೊಲಿಸಿ, ಉಗ್ರಾಣದ ಲೆಕ್ಕಕ್ಕೆ ಬರೆದು, ಯುವಕರಿಗೆ ಹಂಚಿದ ತೊಗಲಿನ ಅಂಗಿಯೊಂದು ಎಂಬತ್ತು ವರ್ಷಗಳ ಮೇಲೆ, ತೋಳು ಸವೆದು ಅಸ್ತರು ಹರಿದಿರುವ ಅವಸ್ಥೆಯಲ್ಲಿ, ಸಾವಿರಾರು ಡಾಲರುಗಳಿಗೆ ಮಾರಾಟವಾಗುವುದೆಂದರೆ ಅದು ವಿಚಾರಾರ್ಹವಾದ ಸಂಗತಿಯೇ ಸರಿ. ಅದಕ್ಕಿಂತಲೂ ವಿಚಿತ್ರವೇನೆಂದರೆ, ಒಂದೇ ಕಾರ್ಖಾನೆಯಲ್ಲಿ, ಒಂದೇ ವರ್ಷದಲ್ಲಿ, ಒಂದೇ ತೊಗಲಿನಿಂದಾದ ಎರಡು ಅಂಗಿಗಳಲ್ಲಿ ಒಂದಕ್ಕೆ ಮತ್ತೊಂದರ ಹಲವು ಪಾಲು ಬೆಲೆ ದೊರೆಯುವುದುಂಟು. ಹಾಗಾದರೆ ಬೆಲೆಯು ನೆಲಸಿರುವುದು ಎಲ್ಲಿ? ತೊಗಲಿನಲ್ಲಿಯೇ? ಹೊಲಿಗೆಯಲ್ಲಿಯೇ? ಅಥವಾ ಇವೆರಡನ್ನೂ ಮೀರಿದ ಬೇರೊಂದರಲ್ಲಿಯೇ? ಈ ಪ್ರಶ್ನೆಗೆ ಉತ್ತರವು ಆ ಅಂಗಿಯ ಚರಿತ್ರೆಯಲ್ಲಿಯೇ ಅಡಗಿದೆ.

ಚರ್ಮವು ಮಾನವನ ಅತಿ ಪ್ರಾಚೀನವಾದ ಉಡುಪು. ಬ್ರಹ್ಮಚಾರಿಗೆ ಕೃಷ್ಣಾಜಿನವನ್ನು ವಿಧಿಸಿದ ಋಷಿಗಳೂ, ಗಜಚರ್ಮವನ್ನು ಹೊದೆದ ಶಿವನನ್ನು ಕೃತ್ತಿವಾಸನೆಂದು ಕರೆದ ಕವಿಗಳೂ ಇದನ್ನು ಬಲ್ಲವರಾಗಿದ್ದರು. ಸಂಸ್ಕೃತದಲ್ಲಿ 'ಚರ್ಮ' ಶಬ್ದಕ್ಕೆ ತೊಗಲೆಂಬ ಅರ್ಥವಲ್ಲದೆ ಗುರಾಣಿಯೆಂಬ ಅರ್ಥವೂ ಇರುವುದು ಗಮನಾರ್ಹವಾಗಿದೆ. ಹೊದಿಕೆಯೂ ರಕ್ಷೆಯೂ ಒಂದೇ ಪದದಲ್ಲಿ ಅಡಕವಾಗಿವೆ. ನೂಲು ನೇಯ್ಗೆಗಳು ಬೆಳೆದಂತೆ ನಾಗರಿಕ ಜನರ ಉಡುಪಿನಲ್ಲಿ ಚರ್ಮದ ಪಾತ್ರ ಕುಗ್ಗುತ್ತ ಬಂದಿತು. ಇಪ್ಪತ್ತನೆಯ ಶತಮಾನದ ಆದಿಯಲ್ಲಿ ಮನುಷ್ಯನು ಆಕಾಶಕ್ಕೆ ಹಾರಿದಾಗ ಮಾತ್ರ ಮರಳಿ ಅದರ ಮೊರೆಹೊಗಬೇಕಾಯಿತು.

ಇದಕ್ಕೆ ಕಾರಣ ಚಳಿ ಮತ್ತು ಗಾಳಿ. ಭೂಮಿಯಿಂದ ಮೇಲೇರಿದಂತೆಲ್ಲ ಪ್ರತಿ ಸಾವಿರ ಮೀಟರಿಗೆ ಸರಾಸರಿ ಆರೂವರೆ ಡಿಗ್ರಿ ಸೆಂಟಿಗ್ರೇಡಿನಂತೆ ಉಷ್ಣತೆಯು ಇಳಿಯುತ್ತದೆ. ೨೫,೦೦೦ ಅಡಿ ಎತ್ತರದಲ್ಲಿ ನೀರು ಹೆಪ್ಪುಗಟ್ಟುವ ಮಟ್ಟಕ್ಕಿಂತ ಮೂವತ್ತು ಡಿಗ್ರಿಗೂ ಮಿಕ್ಕಿ ಕೆಳಗಿನ ಚಳಿಯಿರುವುದು. ಮೊದಲ ಮಹಾಯುದ್ಧದ ವಿಮಾನಗಳಿಗೆ ಮೇಲ್ಮುಚ್ಚಳವಿರಲಿಲ್ಲ. ಸವಾರನ ಮುಖಕ್ಕೂ ಎದೆಗೂ ಗಾಳಿಯು ನೇರವಾಗಿ ಅಪ್ಪಳಿಸುತ್ತಿದ್ದಿತು. ನೇಯ್ದ ಬಟ್ಟೆ ಎಷ್ಟೇ ದಪ್ಪವಾಗಿದ್ದರೂ ಅದರ ಎಳೆಗಳ ನಡುವೆ ಗಾಳಿ ನುಸುಳುವುದು. ಹದಮಾಡಿದ ತೊಗಲಿನಲ್ಲಿ ನುಸುಳದು. ಆದುದರಿಂದ ಆ ಕಾಲದ ವೈಮಾನಿಕರು ಮೊಣಕಾಲಿನವರೆಗೆ ಬರುವ ಚರ್ಮದ ಉದ್ದಂಗಿಗಳನ್ನು ತೊಡುತ್ತಿದ್ದರು. ೧೯೧೭ರಲ್ಲಿ ಆಸ್ಟ್ರೇಲಿಯಾ ದೇಶದ ಸಿಡ್ನಿ ಕಾಟನ್ ಎಂಬ ವೈಮಾನಿಕನು, ಯಂತ್ರದ ಎಣ್ಣೆ ಹೀರಿದ ತನ್ನ ಕೆಲಸದ ಬಟ್ಟೆಯು ಚಳಿಯನ್ನು ಚೆನ್ನಾಗಿ ತಡೆಯುವುದನ್ನು ಕಂಡು, ಗಾಳಿ ತೂರದ ಬಟ್ಟೆಯ ಇಡಿಯುಡುಪೊಂದನ್ನು ಕಲ್ಪಿಸಿದನು. ಅದು 'ಸಿಡ್‌ಕಾಟ್' ಎಂಬ ಹೆಸರಿನಿಂದ ಪ್ರಸಿದ್ಧವಾಯಿತು. ಹೀಗೆ ಚರ್ಮಕ್ಕೆ ಪ್ರತಿಸ್ಪರ್ಧಿಯು ಮೊದಲಿನಿಂದಲೂ ಇದ್ದಿತು. ಆದರೂ ಚರ್ಮವು ಇನ್ನೂ ಕಾಲು ಶತಮಾನ ತನ್ನ ಸ್ಥಾನವನ್ನು ಬಿಟ್ಟುಕೊಡಲಿಲ್ಲ.

ಈ ಚರಿತ್ರೆಯಲ್ಲಿ ಲೆಸ್ಲಿ ಇರ್ವಿನ್ ಎಂಬ ಅಮೆರಿಕನ್ನನ ಹೆಸರು ಮುಖ್ಯವಾದುದು. ಆತನು ೧೯೧೯ರ ಏಪ್ರಿಲ್ ೨೮ರಂದು ಓಹಾಯೋ ಪ್ರಾಂತದ ಮೆಕುಕ್ ಫೀಲ್ಡಿನಲ್ಲಿ ವಿಮಾನದಿಂದ ಹೊರಕ್ಕೆ ಹಾರಿ, ಅಂತರಿಕ್ಷದಲ್ಲಿ ಬೀಳುತ್ತಿರುವಾಗಲೇ ತನ್ನ ಕೈಯಿಂದ ಪ್ಯಾರಾಶೂಟನ್ನು ಬಿಚ್ಚಿಕೊಂಡು ಕೆಳಗಿಳಿದನು. ನೆಲ ಮುಟ್ಟುವಾಗ ಕಾಲಿನ ಹರಡು ಮುರಿದರೂ ಜೀವ ಉಳಿಯಿತು. ೧೯೨೬ರಲ್ಲಿ ಇಂಗ್ಲೆಂಡಿನ ಲೆಚ್‌ವರ್ತ್ ಎಂಬಲ್ಲಿ ಪ್ಯಾರಾಶೂಟಿನ ಕಾರ್ಖಾನೆಯನ್ನು ತೆರೆದ ಆತನು, ಮುಂದಿನ ದಶಕದಲ್ಲಿ ಉಣ್ಣೆಯನ್ನು ಕಳೆಯದ ಕುರಿಯ ತೊಗಲಿನಿಂದ ದಪ್ಪನಾದ ಅಂಗಿಗಳನ್ನು ಮಾಡಿಸಿದನು. ಉಣ್ಣೆ ಒಳಮುಖ, ತೊಗಲು ಹೊರಮುಖ. ಕುರಿಯು ಉಣ್ಣೆಯನ್ನು ಹೊರಗೆ ಹೊದೆದರೆ ವೈಮಾನಿಕನು ಒಳಗೆ ಹೊದೆದನು. ೧೯೪೦ರಲ್ಲಿ ಬ್ರಿಟನ್ನಿನ ಆಕಾಶದಲ್ಲಿ ನಡೆದ ಕಾಳಗದ ಚಿತ್ರಗಳಲ್ಲಿ ಯುವಕರ ಮೈಮೇಲೆ ಕಾಣುವ ದಪ್ಪ ಕಾಲರಿನ ಅಂಗಿ ಇದೇ. ಅಮೆರಿಕದ ಸೈನ್ಯವೂ ೧೯೩೪ರಲ್ಲಿ ಇಂತಹುದೇ ಬಿ-೩ ಎಂಬ ಅಂಗಿಯನ್ನು ಅಂಗೀಕರಿಸಿತು.

ಆದರೆ ಇಂದು ಸಂಗ್ರಾಹಕರ ಮನಸ್ಸನ್ನು ಎಲ್ಲಕ್ಕಿಂತ ಹೆಚ್ಚಾಗಿ ಸೆಳೆದಿರುವುದು ಈ ಭಾರವಾದ ಉಣ್ಣೆಯಂಗಿಯಲ್ಲ. ಅದರ ತೆಳುವಾದ ಸೋದರ ಎ-೨. ಅಮೆರಿಕದ ಸೈನ್ಯದ ವಿಮಾನ ವಿಭಾಗವು ೧೯೨೭ರಲ್ಲಿ ಎ-೧ ಎಂಬ ಗುಂಡಿಗಳುಳ್ಳ ಚರ್ಮದಂಗಿಯನ್ನು ಗೊತ್ತುಮಾಡಿದ್ದಿತು. ೧೯೩೧ರಲ್ಲಿ ಅದಕ್ಕೆ ಬದಲಾಗಿ ಎ-೨ ಬಂದಿತು. ಸೊಂಟದವರೆಗಿನ ಅಳತೆ, ಮಣಿಕಟ್ಟು ಮತ್ತು ನಡುವಿನಲ್ಲಿ ಗಾಳಿ ನುಗ್ಗದಂತೆ ಹೆಣೆದ ಉಣ್ಣೆಯ ಪಟ್ಟಿ, ಒತ್ತುಗುಂಡಿಯಿಂದ ಮುಚ್ಚುವ ಎರಡು ಜೇಬುಗಳು, ಹೆಗಲ ಮೇಲೆ ಪಟ್ಟಿಗಳು, ಎದೆಯ ನಡುವೆ ಮೇಲಿಂದ ಕೆಳಗಿನವರೆಗೆ ಒಂದು ಜಿಪ್ಪು. ಗಿಡಿಯನ್ ಸುಂಡ್‌ಬ್ಯಾಕ್ ಎಂಬಾತನು ೧೯೧೭ರಲ್ಲಿ ಹಕ್ಕುಪತ್ರ ಪಡೆದ ಆ ಜಿಪ್ಪು ಆಗಿನ್ನೂ ಜನರ ಉಡುಪಿನಲ್ಲಿ ಅಪೂರ್ವವಾಗಿದ್ದಿತು. ಇಕ್ಕಟ್ಟಾದ ಪೀಠದಲ್ಲಿ ಕುಳಿತು, ಕೈಗವಸು ತೊಟ್ಟ ಬೆರಳುಗಳಿಂದ ಗುಂಡಿ ಹಾಕಲಾರದವನಿಗೆ ಅದು ವರವಾಯಿತು. ಇಡಿಯ ಅಂಗಿಯಲ್ಲಿ ಅಲಂಕಾರಕ್ಕೆಂದೇ ಸೇರಿಸಿದುದು ಹೆಚ್ಚೇನೂ ಇರಲಿಲ್ಲ. ಪ್ರಯೋಜನದಿಂದಲೇ ಹುಟ್ಟಿದ ಈ ಮಿತತ್ವವೇ ಅದರ ಸೌಂದರ್ಯಕ್ಕೆ ಮೊದಲನೆಯ ಕಾರಣ.

ಎ-೨ ಅಂಗಿಗಳಲ್ಲಿ ಬಹುಪಾಲು ಕುದುರೆಯ ತೊಗಲಿನವು. ೧೯೧೫ರ ಸುಮಾರಿನಲ್ಲಿ ಅಮೆರಿಕದಲ್ಲಿ ಕುದುರೆ ಮತ್ತು ಹೇಸರಗತ್ತೆಗಳ ಸಂಖ್ಯೆ ಎರಡೂವರೆ ಕೋಟಿಯನ್ನು ಮೀರಿದ್ದಿತು. ಮೋಟಾರು ಮತ್ತು ಟ್ರ್ಯಾಕ್ಟರುಗಳು ಬಂದ ಮೇಲೆ, ೧೯೪೦ರ ವೇಳೆಗೆ, ಅದು ಒಂದೂವರೆ ಕೋಟಿಗಿಂತ ಕೆಳಕ್ಕಿಳಿದಿದ್ದಿತು. ಉಳುವುದಕ್ಕೂ ಎಳೆಯುವುದಕ್ಕೂ ಬೇಡವಾದ ಪ್ರಾಣಿಯ ತೊಗಲು ಹದಗಾರರ ಕಾರ್ಖಾನೆಗಳನ್ನು ಸೇರಿತು. ಸಹಸ್ರಾರು ವರ್ಷ ಯೋಧನನ್ನು ಬೆನ್ನ ಮೇಲೆ ಹೊತ್ತ ಅಶ್ವವು ತನ್ನ ಕೆಲಸವನ್ನು ಯಂತ್ರಕ್ಕೆ ಒಪ್ಪಿಸಿದ ಮೇಲೂ ಯೋಧನ ಸೇವೆಯನ್ನು ಬಿಡಲಿಲ್ಲ. ಅವನನ್ನು ಹೊರುವುದಕ್ಕೆ ಬದಲಾಗಿ ಅವನೇ ಅದನ್ನು ಹೊತ್ತನು. ನೌಕಾಸೈನ್ಯದ ವೈಮಾನಿಕರಾದರೋ ಮೇಕೆಯ ತೊಗಲಿನ, ತುಪ್ಪುಳಿನ ಕಾಲರುಳ್ಳ ಬೇರೊಂದು ಅಂಗಿಯನ್ನು ತೊಟ್ಟರು. ಅದೇ ಮುಂದೆ ಜಿ-೧ ಎಂಬ ಹೆಸರನ್ನು ಪಡೆಯಿತು.

ಈ ಅಂಗಿಗಳನ್ನು ಹೊಲಿದವರು ಯಾರು? ಅವುಗಳ ಕೊರಳಿನ ಒಳಬದಿಯ ಚೀಟಿಯಲ್ಲಿ ಅಂಗಿಯ ಜಾತಿ, ನಕ್ಷೆಯ ಸಂಖ್ಯೆ, ಗುತ್ತಿಗೆಯ ಸಂಖ್ಯೆ ಮತ್ತು ಕಂಪನಿಯ ಹೆಸರುಗಳು ನೇಯಲ್ಪಟ್ಟಿವೆ. ರಫ್ ವೇರ್, ಏರೋ ಲೆದರ್, ಡುಬೋ, ಕೇಬಲ್ ರೇನ್‌ಕೋಟ್ ಮೊದಲಾದ ಈ ಕಂಪನಿಗಳಲ್ಲಿ ಕೆಲವು ಅದಕ್ಕೆ ಮುಂಚೆ ಮಳೆಯಂಗಿಗಳನ್ನೋ ಆಟದ ಸಾಮಾನುಗಳನ್ನೋ ಮಾಡುತ್ತಿದ್ದುವು. ಆದರೆ ಹೊಲಿದವರ ಹೆಸರು ಆ ಚೀಟಿಯಲ್ಲಿಲ್ಲ. ಕನ್ನಡನಾಡಿನ ಶಾಸನಗಳ ಕೊನೆಯಲ್ಲಿ ಬರೆದವನ ಮತ್ತು ಕಂಡರಿಸಿದ ರೂವಾರಿಯ ಹೆಸರುಗಳು ಅನೇಕ ವೇಳೆ ದೊರೆಯುತ್ತವೆ. ಯಂತ್ರಯುಗದ ಈ ಶಾಸನಕ್ಕೆ ರೂವಾರಿಯು ಅನಾಮಧೇಯನು.

ಇದನ್ನು ಶಾಸನವೆಂದು ಕರೆದುದು ಬರಿಯ ಉಪಮೆಗಾಗಿ ಅಲ್ಲ. ಎರಡನೆಯ ಮಹಾಯುದ್ಧದಲ್ಲಿ ಇಂಗ್ಲೆಂಡಿನಿಂದ ಹಾರುತ್ತಿದ್ದ ಅಮೆರಿಕದ ಎಂಟನೆಯ ವಾಯುಸೇನೆಯ ಯುವಕರು ಸರಕಾರದ ಸೊತ್ತಾಗಿದ್ದ ಈ ಅಂಗಿಯ ಬೆನ್ನನ್ನು ತಮ್ಮ ಸ್ವಂತ ಬರೆವಣಿಗೆಯ ಹಲಗೆಯನ್ನಾಗಿ ಮಾಡಿಕೊಂಡರು. ವಿಮಾನದ ಹೆಸರು, ಒಂದು ಚಿತ್ರ, ಅದರ ಕೆಳಗೆ ಮುಗಿಸಿದ ಒಂದೊಂದು ಯಾತ್ರೆಗೆ ಒಂದೊಂದು ಪುಟ್ಟ ಬಾಂಬಿನ ಗುರುತು. ಮೊದಲು ಇಪ್ಪತ್ತೈದು ಯಾತ್ರೆಗಳನ್ನು ಮುಗಿಸಿದವನಿಗೆ ಮನೆಗೆ ಮರಳುವ ಅವಕಾಶವಿದ್ದಿತು; ಬಳಿಕ ಆ ಸಂಖ್ಯೆಯನ್ನು ಮೂವತ್ತಕ್ಕೂ ಮೂವತ್ತೈದಕ್ಕೂ ಏರಿಸಿದರು. ೧೯೪೩ರ ಮೇ ತಿಂಗಳಿನಲ್ಲಿ ಇಪ್ಪತ್ತೈದನ್ನು ಮುಗಿಸಿದ 'ಮೆಂಫಿಸ್ ಬೆಲ್' ವಿಮಾನದ ಸಿಬ್ಬಂದಿ ಈ ಕಾರಣದಿಂದಲೇ ಲೋಕಪ್ರಸಿದ್ಧರಾದರು. ಎಲ್ಲರಿಗೂ ಆ ಭಾಗ್ಯವಿರಲಿಲ್ಲ. ಆ ಒಂದು ವಾಯುಸೇನೆಯಲ್ಲಿಯೇ ಮಡಿದವರು ಇಪ್ಪತ್ತಾರು ಸಾವಿರ ಮಂದಿ. ಆದುದರಿಂದ ಹನ್ನೊಂದೋ ಹದಿನಾಲ್ಕೋ ಗುರುತುಗಳಿಗೆ ನಿಂತುಹೋದ ಅಂಗಿಯನ್ನು ಕಂಡವನು ಮುಂದಿನ ಗುರುತು ಏಕೆ ಇಲ್ಲವೆಂದು ಕೇಳಿಕೊಳ್ಳದೆ ಇರಲಾರನು.

ಊರ ತುರುಗಳನ್ನು ಬಿಡಿಸಿ ಮಡಿದವನಿಗೆ ಊರವರು ವೀರಗಲ್ಲನ್ನು ನಿಲ್ಲಿಸುತ್ತಿದ್ದರು. ಅದರ ಕೆಳಗಣ ಪಟ್ಟಿಕೆಯಲ್ಲಿ ಕಾಳಗ, ನಡುವೆ ಅಪ್ಸರೆಯರು, ಮೇಲೆ ಕೈಲಾಸ. ಚರ್ಮದಂಗಿಯ ಚಿತ್ರದಲ್ಲಿಯೂ ಕಾಳಗವುಂಟು, ಚೆಲುವೆಯುಂಟು. ಕೈಲಾಸದ ಸ್ಥಾನದಲ್ಲಿ ಊರಿಗೆ ಮರಳುವ ಆಸೆಯುಂಟು. ಭೇದವಿಷ್ಟೇ: ವೀರಗಲ್ಲನ್ನು ಮಡಿದವನಿಗಾಗಿ ಉಳಿದವರು ನಿಲ್ಲಿಸಿದರು, ಈ ಶಾಸನವನ್ನು ಬದುಕಿರುವಾಗಲೇ, ಇಪ್ಪತ್ತು ಇಪ್ಪತ್ತೆರಡರ ವಯಸ್ಸಿನಲ್ಲಿ, ಯುವಕನು ತನಗೆ ತಾನೇ ಬರೆಸಿಕೊಂಡನು.

ಬರೆಹವು ಕಾಯುವುದೂ ಉಂಟು, ಕೊಲ್ಲುವುದೂ ಉಂಟು. ೧೯೪೩ರ ಕೊನೆಯಲ್ಲಿ ಜರ್ಮನಿಯಲ್ಲಿ ಸೆರೆಸಿಕ್ಕ ಅಮೆರಿಕದ ಅಧಿಕಾರಿಯೊಬ್ಬನ ಅಂಗಿಯ ಬೆನ್ನ ಮೇಲೆ ಕೊಲೆಗಾರರ ಕೂಟವೆಂಬ ಅರ್ಥದ ಹೆಸರು ಬರೆದಿದ್ದಿತು. ಅದು ಅವನ ವಿಮಾನಕ್ಕೆ ಹುಡುಗಾಟಿಕೆಯಿಂದ ಇಟ್ಟ ಹೆಸರು. ಜರ್ಮನ್ ಪ್ರಚಾರಖಾತೆಯು ಆ ಅಂಗಿಯ ಛಾಯಾಚಿತ್ರವನ್ನು ಪತ್ರಿಕೆಗಳಲ್ಲಿ ಅಚ್ಚುಹಾಕಿಸಿ, ಶತ್ರುಗಳು ತಮ್ಮ ಬಾಯಿಂದಲೇ ತಾವು ಯಾರೆಂಬುದನ್ನು ಒಪ್ಪಿಕೊಂಡಿರುವರೆಂದು ಸಾರಿತು. ಅದು ಪ್ರಚಾರವೇ ಹೌದು. ಆದರೂ ಅದರ ಹಿಂದೆ ಒಂದು ದುಃಖದ ನಿಜವಿದ್ದಿತು. ೧೯೪೩ರ ಜುಲೈ ತಿಂಗಳ ಕೊನೆಯಲ್ಲಿ ಬ್ರಿಟಿಷ್ ಮತ್ತು ಅಮೆರಿಕನ್ ವಿಮಾನಗಳು ಹ್ಯಾಂಬರ್ಗ್ ನಗರದ ಮೇಲೆ ನಡೆಯಿಸಿದ ದಾಳಿಗಳಲ್ಲಿ ಮೂವತ್ತು ಸಾವಿರಕ್ಕೂ ಮಿಕ್ಕಿದ ಜನರು ಸತ್ತಿದ್ದರು. ಅಂಗಿಯ ಮೇಲೆ ಸಾಲಾಗಿ ಬರೆದ ಪುಟ್ಟ ಬಾಂಬುಗಳ ಕೆಳಗೆ ಊರುಗಳಿದ್ದುವು. ತೊಗಲಿನ ಶಾಸನವು ತೊಟ್ಟವನ ಧೈರ್ಯಕ್ಕೆ ಸಾಕ್ಷಿಯಾಗಿರುವಂತೆ ಆ ಊರುಗಳಿಗೂ ಸಾಕ್ಷಿಯಾಗಿದೆ. ಒಂದನ್ನು ಓದಿ ಮತ್ತೊಂದನ್ನು ಬಿಡುವುದು ಅರ್ಧ ಓದಾದೀತು.

ಪೂರ್ವದೇಶದ ಯುದ್ಧರಂಗದಲ್ಲಿ ಅಂಗಿಯ ಬೆನ್ನು ಬೇರೊಂದು ಬಗೆಯ ಬರೆಹವನ್ನು ಹೊತ್ತಿತು. ಚೀನಾ ದೇಶದ ಪರವಾಗಿ ಜಪಾನೀಯರೊಡನೆ ಹೋರಾಡಲು ಕ್ಲೇರ್ ಶೆನಾಲ್ಟನ ನಾಯಕತ್ವದಲ್ಲಿ ಹೋದ ಅಮೆರಿಕದ ಸ್ವಯಂಸೇವಕ ದಳವು 'ಹಾರುವ ಹುಲಿಗಳು' ಎಂದು ಖ್ಯಾತವಾಯಿತು. ೧೯೪೧ರ ಡಿಸೆಂಬರ್ ೨೦ರಂದು ಮೊದಲ ಕಾಳಗವನ್ನು ಮಾಡಿದ ಆ ದಳವು ೧೯೪೨ರ ಜುಲೈ ೪ರಂದು ವಿಸರ್ಜಿತವಾಯಿತು. ಈ ದಳದವರ ಅಂಗಿಯ ಬೆನ್ನಿಗೆ ರೇಷ್ಮೆಯ ಚೌಕವೊಂದನ್ನು ಹೊಲಿದಿದ್ದರು. ಅದರಲ್ಲಿ ಚೀನಾದ ಧ್ವಜವೂ, ಈ ಪರದೇಶೀಯನು ನಮ್ಮ ಸಹಾಯಕ್ಕಾಗಿ ಬಂದವನು, ಸೈನಿಕರೂ ಪ್ರಜೆಗಳೂ ಇವನನ್ನು ಕಾಪಾಡತಕ್ಕದ್ದು ಎಂಬ ಭಾವದ ಚೀನೀ ಲಿಪಿಯ ಬರೆಹವೂ ಇದ್ದುವು. ಭಾಷೆಯರಿಯದ ನಾಡಿನಲ್ಲಿ ಬಿದ್ದವನ ಪ್ರಾಣವು ಆ ಚೀಟಿಯನ್ನು ಓದಬಲ್ಲ ರೈತನ ಕರುಣೆಯಲ್ಲಿರುತ್ತಿದ್ದಿತು. ಮುಂದೆ, ಶತ್ರುವಿನ ಕಣ್ಣಿಗೂ ಅದು ಬೀಳುವುದೆಂಬ ಭಯದಿಂದ, ಚೀಟಿಯನ್ನು ಅಸ್ತರಿನ ಒಳಕ್ಕೆ ಹೊಲಿಯತೊಡಗಿದರು. ಇಂಗ್ಲಿಷರು ಇದನ್ನು 'ಬ್ಲಡ್ ಚಿಟ್' ಎಂದು ಕರೆದರು. ಆ 'ಚಿಟ್' ಎಂಬುದು ಹಿಂದುಸ್ಥಾನಿಯ 'ಚಿಟ್ಠಿ'ಯಿಂದ ಬಂದುದು. ಕನ್ನಡದ 'ಚೀಟಿ'ಗೂ ಅದಕ್ಕೂ ಒಂದೇ ಬಳಗ. ಮೊದಲ ಮಹಾಯುದ್ಧದ ಕಾಲಕ್ಕೂ ಅದರ ನಂತರಕ್ಕೂ ಸೇರಿದಂತೆ, ಮೆಸೊಪೊಟೇಮಿಯಾದಲ್ಲಿಯೂ ಭಾರತದ ವಾಯವ್ಯ ಗಡಿಯಲ್ಲಿಯೂ ಹಾರುತ್ತಿದ್ದ ಬ್ರಿಟಿಷ್ ವೈಮಾನಿಕರು ಅರಬ್ಬಿ, ಉರ್ದು ಮೊದಲಾದ ಭಾಷೆಗಳಲ್ಲಿ ಬರೆದ ಇಂತಹ ಅಭಯಪತ್ರಗಳನ್ನು ಇಟ್ಟುಕೊಂಡಿರುತ್ತಿದ್ದರು.

ಈ ಚೀನಾ ಪ್ರಸಂಗಕ್ಕೂ ಬೆಂಗಳೂರಿಗೂ ನೇರವಾದ ನಂಟೊಂದಿದೆ. ಹಾರುವ ಹುಲಿಗಳ ನೇಮಕವು ನಡೆದುದು ವಿಲಿಯಂ ಪಾಲಿ ಎಂಬ ಅಮೆರಿಕನ್ ಉದ್ಯಮಿಯ ಕಂಪನಿಯ ಮೂಲಕ. ೧೯೪೦ರ ಡಿಸೆಂಬರಿನಲ್ಲಿ ವಾಲ್‌ಚಂದ್ ಹೀರಾಚಂದರು ಮೈಸೂರು ಸರಕಾರದ ಸಹಭಾಗಿತ್ವದಿಂದ ಬೆಂಗಳೂರಿನಲ್ಲಿ ಹಿಂದುಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಯನ್ನು ಸ್ಥಾಪಿಸಿದಾಗ ನೆರವಾದವನೂ ಆತನೇ. ೧೯೪೩ರಲ್ಲಿ ಆ ಕಾರ್ಖಾನೆಯ ಆಡಳಿತವು ಅಮೆರಿಕದ ವಾಯುಸೇನೆಗೆ ಬಂದು, ಯುದ್ಧ ಮುಗಿಯುವವರೆಗೆ ಅದು ವಿಮಾನಗಳ ದೊಡ್ಡ ದುರಸ್ತಿಯ ಠಾಣೆಯಾಯಿತು. ನೀರಿನ ಮೇಲೆ ಇಳಿಯಬಲ್ಲ ಕೆಟಲೈನಾ ವಿಮಾನಗಳು ದುರಸ್ತಿಗಾಗಿ ಬೆಳ್ಳಂದೂರು ಕೆರೆಯ ಮೇಲೆ ಇಳಿಯುತ್ತಿದ್ದುವು. ಅತ್ತ ಅಸ್ಸಾಮಿನಿಂದ ಹಿಮಾಲಯದ ಪೂರ್ವಶಿಖರಗಳನ್ನು ದಾಟಿ ಚೀನಾದ ಕುನ್‌ಮಿಂಗ್ ನಗರಕ್ಕೆ ೧೯೪೨ರಿಂದ ೧೯೪೫ರವರೆಗೆ ಸುಮಾರು ಆರೂವರೆ ಲಕ್ಷ ಟನ್ ಸಾಮಗ್ರಿಯನ್ನು ವಿಮಾನಗಳಲ್ಲಿ ಸಾಗಿಸಿದರು. ಆ ದಾರಿಯಲ್ಲಿ ಆರು ನೂರರ ಸಮೀಪದಷ್ಟು ವಿಮಾನಗಳು ನಷ್ಟವಾದುವು. ಈ ರಂಗದಲ್ಲಿದ್ದವರ ಅಂಗಿಗಳ ಮೇಲೆ ಚೀನಾದ ಸೂರ್ಯನನ್ನೂ ಭಾರತದ ನಕ್ಷತ್ರವನ್ನೂ ಜೋಡಿಸಿದ ಲಾಂಛನವು ಕಾಣುತ್ತದೆ. ಅವುಗಳಲ್ಲಿ ಎಷ್ಟೋ ಲಾಂಛನಗಳನ್ನು ಬಣ್ಣಬಣ್ಣದ ತೊಗಲಿನ ತುಣುಕುಗಳಿಂದ ಕತ್ತರಿಸಿ ಜೋಡಿಸಿ ಹೊಲಿದವರು ಭಾರತದ ಪೇಟೆಗಳ ಕಸಬುದಾರರು. ಅವರ ಹೆಸರನ್ನೂ ಯಾರೂ ಬರೆದಿಡಲಿಲ್ಲ.

ಹೀಗೆ ಕೀರ್ತಿಯ ಶಿಖರದಲ್ಲಿದ್ದಾಗಲೇ ಚರ್ಮದಂಗಿಯ ಅಧಿಕಾರವು ಮುಗಿಯಿತು. ಅತ್ಯುನ್ನತಿಯ ಚಳಿಗೆ ವಿದ್ಯುತ್ತಿನಿಂದ ಕಾಯುವ ಉಡುಪುಗಳು ಬಂದುವು. ಬಟ್ಟೆಯ ಅಂಗಿಗಳನ್ನು ಬೇಗನೆ, ಹೆಚ್ಚಿನ ಸಂಖ್ಯೆಯಲ್ಲಿ ಹೊಲಿಯಬಹುದಾಗಿದ್ದಿತು. ೧೯೪೩ರಲ್ಲಿ ಎ-೨ ಪ್ರಧಾನಸ್ಥಾನದಿಂದ ಇಳಿಯಿತು. ಹೊಸ ಬಟ್ಟೆಯಂಗಿಗಳು ದೊರೆತ ಮೇಲೂ ವೈಮಾನಿಕರು ಹಳೆಯದನ್ನು ಸುಲಭವಾಗಿ ಬಿಡಲಿಲ್ಲ. ಯುದ್ಧಾನಂತರ ಸಿನಿಮಾಗಳು ಅದರ ನೆನಪನ್ನು ಬೆಳೆಸಿದುವು. ೧೯೬೩ರ 'ದಿ ಗ್ರೇಟ್ ಎಸ್ಕೇಪ್' ಎ-೨ ಅಂಗಿಗೂ, ೧೯೮೬ರ 'ಟಾಪ್ ಗನ್' ನೌಕಾಸೈನ್ಯದ ಜಿ-೧ ಅಂಗಿಗೂ ಹೊಸ ತಲೆಮಾರಿನ ಅಭಿಮಾನಿಗಳನ್ನು ತಂದುಕೊಟ್ಟುವು. ೧೯೮೮ರಲ್ಲಿ ಅಮೆರಿಕದ ವಾಯುಸೇನೆಯೇ ಮೇಕೆಯ ತೊಗಲಿನ ಎ-೨ ಅಂಗಿಯನ್ನು ತನ್ನ ವೈಮಾನಿಕರಿಗೆ ಮರಳಿ ಕೊಡತೊಡಗಿತು. ಹಳೆಯ ಅಂಗಿಗಳನ್ನು ಬಿಚ್ಚಿ, ಹೊಲಿಗೆಯ ಎಣಿಕೆಯವರೆಗೆ ಅನುಸರಿಸಿ ಪ್ರತಿಕೃತಿಗಳನ್ನು ಮಾಡುವ ಕಸಬು ಇಂಗ್ಲೆಂಡ್ ಸ್ಕಾಟ್ಲೆಂಡುಗಳಲ್ಲಿಯೂ, ವಿಶೇಷವಾಗಿ ಜಪಾನಿನಲ್ಲಿಯೂ ಬೆಳೆಯಿತು. ಯಾವ ದೇಶದ ವಿಮಾನಗಳೊಡನೆ ಈ ಅಂಗಿಯನ್ನು ತೊಟ್ಟವರು ಹೋರಾಡಿದರೋ ಆ ದೇಶದವರೇ ಅದರ ಪರಮ ಶ್ರದ್ಧಾವಂತ ವಿದ್ಯಾರ್ಥಿಗಳಾದುದು ಕಾಲದ ವಿನೋದ.

ಇನ್ನು ಮೊದಲಿನ ಪ್ರಶ್ನೆಗೆ ಬರಬಹುದು. ಪ್ರತಿಕೃತಿಯು ಮೂಲದಷ್ಟೇ ಚೆಲುವಾಗಿರಬಲ್ಲುದು. ಬಾಳಿಕೆಯಲ್ಲಿ ಹೆಚ್ಚಿನದೂ ಆಗಿರಬಲ್ಲುದು. ಹಳೆಯ ತೊಗಲಿಗೆ ತನ್ನದೇ ಆದ ಸೊಗಸುಂಟು: ಮೇಲ್ಬಣ್ಣ ಸವೆದು ಅಡಿಯ ಬಣ್ಣ ಇಣುಕುವುದು, ಮೊಣಕೈಯ ಮಡಿಕೆಗಳು ತೊಟ್ಟವನ ತೋಳಿನ ಬಾಗನ್ನು ಇನ್ನೂ ಹಿಡಿದಿಟ್ಟಿರುವುದು. ಆದರೆ ಈ ಸೊಗಸೂ ನಿಜವಾದ ಬೆಲೆಯ ಮೂಲವಲ್ಲ. ಹೆಸರಿಲ್ಲದ ಅಂಗಿಗಿಂತ ಹೆಸರುಳ್ಳ ಅಂಗಿಗೆ ಬೆಲೆ ಹೆಚ್ಚು. ಎದೆಯ ಮೇಲಿನ ತೊಗಲಿನ ಪಟ್ಟಿಯಲ್ಲಿ ಹೆಸರಿರಬಹುದು. ಅದು ಹೋಗಿದ್ದರೆ ಅಸ್ತರಿನಲ್ಲಿ ಅಗಸರ ಗುರುತಿರಬಹುದು. ಉಪನಾಮದ ಮೊದಲಕ್ಷರ ಮತ್ತು ಸೈನ್ಯದ ಸಂಖ್ಯೆಯ ಕೊನೆಯ ನಾಲ್ಕು ಅಂಕಗಳು. ಮಡಿಯಾದ ಬಟ್ಟೆ ಅದಲುಬದಲಾಗದಿರಲೆಂದು ಹಾಕಿದ ಆ ಗುರುತು ಇಂದು ಮರೆತುಹೋದ ಮನುಷ್ಯನೊಬ್ಬನನ್ನು ಹುಡುಕುವ ದಾರಿಯಾಗಿದೆ.

ಇದರ ಮಹತ್ವವು ೧೯೭೩ರ ಜುಲೈ ೧೨ರಿಂದ ಇಮ್ಮಡಿಯಾಯಿತು. ಅಂದು ಸೇಂಟ್ ಲೂಯಿ ನಗರದ ಬಳಿಯ ದಾಖಲೆಗಳ ಭಂಡಾರಕ್ಕೆ ಬೆಂಕಿ ಬಿದ್ದು ಒಂದೂವರೆ ಕೋಟಿಗೂ ಮಿಕ್ಕಿದ ಸೇವಾಕಡತಗಳು ಸುಟ್ಟುಹೋದುವು. ೧೯೧೨ರಿಂದ ೧೯೬೦ರವರೆಗೆ ಅಮೆರಿಕದ ಭೂಸೈನ್ಯದಿಂದ ಬಿಡುಗಡೆ ಹೊಂದಿದವರ ಕಡತಗಳಲ್ಲಿ ನೂರಕ್ಕೆ ಎಂಬತ್ತು ಪಾಲು ನಾಶವಾದುವು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಲ್ಲಿಯ ವಾಯುಸೇನೆಯು ಭೂಸೈನ್ಯದ ಅಂಗವಾಗಿದ್ದಿತೆಂಬುದನ್ನು ನೆನೆದರೆ ಈ ನಷ್ಟದ ಅರ್ಥ ತಿಳಿಯುವುದು. ಕಾಗದದ ದಾಖಲೆ ಬೂದಿಯಾದ ಮೇಲೆ, ಇಂಥವನು ಇಂಥ ವಿಮಾನದಲ್ಲಿ ಇಷ್ಟು ಸಲ ಹೋಗಿಬಂದನೆಂದು ಹೇಳುವ ಸಾಕ್ಷಿಗಳಲ್ಲಿ ಅವನ ಅಂಗಿಯೂ ಒಂದು. ಕೆಲವೆಡೆ ಮನೆಯಲ್ಲಿ ಉಳಿದ ಒಂದೇ ಸಾಕ್ಷಿ.

ಬೆಲೆಯಿದ್ದಲ್ಲಿ ವಂಚನೆಯೂ ಇರುವುದು. ನಿಜವಾದ ಹಳೆಯ ಅಂಗಿಗೆ ಹೊಸ ಚಿತ್ರವನ್ನು ಬರೆದು, ಬೇರೊಬ್ಬನ ಹೆಸರಿನ ಪಟ್ಟಿಯನ್ನು ಹೊಲಿದು ಮಾರುವವರುಂಟು. ಬಲ್ಲವರು ಅದನ್ನು ಪರೀಕ್ಷಿಸುವರು. ಆ ಕಾಲದ ಬಣ್ಣವು ತೊಗಲಿನ ಮಡಿಕೆಗಳೊಡನೆಯೇ ಬಿರಿದಿರಬೇಕು. ಮೊದಲೇ ಬಿರಿದ ತೊಗಲಿನ ಸೀಳುಗಳ ಒಳಕ್ಕೆ ಬಣ್ಣವಿಳಿದಿದ್ದರೆ ಅದು ಈಚಿನದು. ಈಚಿನ ಕೃತಕ ದಾರವು ನೇರಳಾತೀತ ಬೆಳಕಿನಲ್ಲಿ ಸಾಮಾನ್ಯವಾಗಿ ಹೊಳೆಯುವುದು. ಹಳೆಯ ಹತ್ತಿಯ ದಾರವು ಹಾಗೆ ಹೊಳೆಯದು. ಜಿಪ್ಪಿನ ಗುರುತು ಗುತ್ತಿಗೆಯ ವರ್ಷಕ್ಕೆ ಹೊಂದಬೇಕು. ಕರ್ನಾಟಕದ ಇತಿಹಾಸವನ್ನು ಬಲ್ಲವರಿಗೆ ಇದು ಹೊಸತಲ್ಲ. ಗಂಗರ ತಾಮ್ರಶಾಸನಗಳಲ್ಲಿ ಯಾವುವು ನಿಜ, ಯಾವುವು ಕೂಟವೆಂಬ ವಿಷಯದಲ್ಲಿ ಫ್ಲೀಟರಿಗೂ ರೈಸರಿಗೂ ನಡೆದ ವಾದವು ಪ್ರಸಿದ್ಧವಾಗಿದೆ. ಅಕ್ಷರದ ರೂಪ, ತಿಥಿವಾರಗಳ ಹೊಂದಿಕೆ, ಭಾಷೆಯ ಲಕ್ಷಣ, ಇವುಗಳಿಂದ ಪಂಡಿತರು ಅಲ್ಲಿ ಮಾಡಿದ ಪರೀಕ್ಷೆಯನ್ನೇ ಇಲ್ಲಿ ದಾರ ಬಣ್ಣ ಜಿಪ್ಪುಗಳಿಂದ ಮಾಡುವರು. ಕೂಟಶಾಸನದಿಂದ ಆಗುವ ಹಾನಿ ಕೊಂಡವನ ಹಣಕ್ಕೆ ಮಾತ್ರವಲ್ಲ. ಅದು ನಡೆಯದ ಯಾತ್ರೆಯನ್ನು ನಡೆಯಿತೆನ್ನುವುದು. ಒಬ್ಬನ ಹೆಸರನ್ನು ಕಿತ್ತು ಮತ್ತೊಬ್ಬನಿಗೆ ಕೊಡುವುದು. ಸತ್ತವನು ಎದ್ದುಬಂದು ಆಕ್ಷೇಪಿಸಲಾರನು.

ಉದಾಸೀನತೆಯೂ ವಂಚನೆಯಷ್ಟೇ ಕೆಡುಕನ್ನು ಮಾಡಬಲ್ಲುದು. ಅಜ್ಜನ ಅಂಗಿಯನ್ನು ಮಾರುವಾಗ ಅದರೊಡನಿದ್ದ ಕಾಗದ, ಚಿತ್ರಗಳನ್ನು ಬೇರೆ ಮಾಡಿದರೆ ಅಂಗಿಯು ಮೂಕವಾಗುವುದು. ತೊಗಲನ್ನು ಕಂಬಿಗೆ ತೂಗುಹಾಕಿದರೆ ಹೆಗಲು ಹರಿಯುವುದು. ತೇವದಲ್ಲಿಟ್ಟರೆ ಬೂಷ್ಟು ಹಿಡಿಯುವುದು. ಮರದ ತೊಗಟೆಯ ರಸದಿಂದ ಹದಮಾಡಿದ ಹಳೆಯ ಚರ್ಮವು ಕೆಟ್ಟ ಗಾಳಿಯ ಆಮ್ಲದಿಂದ ಕೆಂಪು ಹುಡಿಯಾಗಿ ಉದುರುವುದು. ಎಣ್ಣೆ ಬಳಿದು ಹೊಳಪು ತರುವ ಉಪಚಾರವನ್ನೂ ಸಂಗ್ರಹಾಲಯದವರು ಈಗ ಮೆಚ್ಚುವುದಿಲ್ಲ. ತಂಪಾದ, ಕತ್ತಲೆಯ, ಒಣಗಿದ ಎಡೆಯಲ್ಲಿ ಚಪ್ಪಟೆಯಾಗಿ ಮಲಗಿಸಿ, ಅದರ ಕಥೆಯನ್ನು ಕಾಗದದ ಮೇಲೆ ಬರೆದು ಜೊತೆಯಲ್ಲಿಡುವುದೇ ಅದಕ್ಕೆ ಸಲ್ಲತಕ್ಕ ಸೇವೆ.

ತೊಗಲಿಗೆ ಮಾರುಕಟ್ಟೆಯಲ್ಲಿ ಒಂದು ಧಾರಣೆಯುಂಟು, ಹೊಲಿಗೆಗೆ ಒಂದು ಕೂಲಿಯುಂಟು. ಅವೆರಡನ್ನೂ ಕೂಡಿಸಿದರೆ ದೊರೆಯುವುದು ಅಂಗಿಯ ಕ್ರಯ. ಉಳಿದುದೆಲ್ಲವೂ ಸತ್ಯದ ಮೌಲ್ಯ. ಅದರ ಮೇಲೆ ಬರೆದಿರುವುದು ನಿಜವಾಗಿದ್ದರೆ ಹರಿದ ಅಂಗಿಯೂ ಶಾಸನವಾಗುವುದು. ಸುಳ್ಳಾಗಿದ್ದರೆ ಹೊಸದಾಗಿ ಹೊಳೆಯುವ ಅಂಗಿಯೂ ಬರಿಯ ತೊಗಲಾಗಿಯೇ ಉಳಿಯುವುದು.